ಕೆಂಪು ಬಾಣ

ಅಕ್ಕ ಇಪ್ಪತ್ತೆರಡು ವರ್ಷದಿಂದ ಗಾರ್ಮೆಂಟ್ಸ್‌ನಲ್ಲಿ ಚೆಕ್ಕರ್. ಹೊಲಿದು ಬಂದ ಅಂಗಿಯನ್ನು ಮೇಜಿನ ಮೇಲೆ ಹರಡಿ, ಹೊಲಿಗೆ ತಪ್ಪಿದಲ್ಲಿ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು ಅವಳ ಕೆಲಸ. ಟೈಲರ್‌ಗಳು ಎದುರಿಗೆ 'ಹದ್ದಿನ ಕಣ್ಣು' ಎನ್ನುತ್ತಿದ್ದರು. ಬೆನ್ನ ಹಿಂದೆ ಇನ್ನೂ ಏನೇನೋ. ನಾವಿಬ್ಬರೇ ಇರುವ ಮನೆಯಲ್ಲೂ ಅಷ್ಟೇ. ನಲ್ಲಿ ತೊಟ್ಟಿಕ್ಕಿದರೆ ನನಗೆ ಮಂಗಳಾರತಿ.

ಅವಳ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಿದಾಗ ಡಾಕ್ಟರಮ್ಮ ಹೊಸ ಇಂಜೆಕ್ಷನ್ ಶುರುಮಾಡಿದರು.

"ರಕ್ತದಲ್ಲಿ ಟಿ ಕಣಗಳು ಅಂತ ಕಾವಲುಗಾರರು ಇರ್ತಾರೆ. ಅವರು ರೇಗಿ ಮನೆಯವರನ್ನೇ ಹೊಡೀಬಾರ್ದಲ್ಲ, ಅದಕ್ಕೆ ಅವರ ಮೈಮೇಲೇ ಒಂದು ಪ್ರೋಟೀನ್ ಇರುತ್ತೆ, 'ಸಾಕು ಬಿಡು' ಅಂತ ತಡೆಯೋಕೆ. ಗಡ್ಡೆ ಅದನ್ನೇ ಒತ್ತಿ ಅವರನ್ನ ಸುಮ್ಮನಾಗಿಸಿದೆ. ಈ ಔಷಧಿ ಆ ತಡೆ ಬಿಡಿಸುತ್ತೆ. ಆದ್ರೆ ಆಮೇಲೆ ಅವರು ಕರುಳಿಗೂ ಕೈ ಹಾಕಬಹುದು. ಭೇದಿಯಾದ್ರೆ ಅವತ್ತೇ ಹೇಳಿ."

ಅಕ್ಕ ತಲೆಯಾಡಿಸಿದಳು. ಮೂರು ಇಂಜೆಕ್ಷನ್‌ಗೆ ಗಡ್ಡೆ ಅರ್ಧಕ್ಕಿಳಿಯಿತು. ಆಮೇಲೆ ಅವಳು ಕೂತಲ್ಲಿ ಕೂರಳು, ನಿಂತಲ್ಲಿ ನಿಲ್ಲಳು. ಊಟದ ನಡುವೆ ಎದ್ದು ಟಾಯ್ಲೆಟ್‌ಗೆ ಹೋಗಿ ನಲ್ಲಿಯನ್ನು ಜೋರಾಗಿ ಬಿಡುವಳು. ಹೊಟ್ಟೆ ಸರಿಯಿದೆಯಾ ಎಂದರೆ "ನಿನ್ನ ಕೆಲಸ ನೋಡ್ಕೋ" ಎನ್ನುವಳು. ತೊಟ್ಟು ನೀರಿಗೆ ಜಗಳವಾಡುವವಳು ಬಕೆಟ್‌ಗಟ್ಟಲೆ ಹರಿಸುವುದೆಂದರೇನು? ಆರನೇ ದಿನ ಬೆಳಿಗ್ಗೆ ಬಾಗಿಲು ತಳ್ಳಿ ನುಗ್ಗಿ ನಲ್ಲಿ ನಿಲ್ಲಿಸಿದೆ. ಗೋಡೆ ಹಿಡಿದು ನಿಂತಿದ್ದಳು. ಕಮೋಡಿನಲ್ಲಿ ರಕ್ತ.

"ಹೇಳಿದ್ರೆ ಔಷಧಿ ನಿಲ್ಲಿಸಿಬಿಡ್ತಾರೆ ಕಣೇ. ಗಡ್ಡೆ ಈಗಷ್ಟೇ ಕರಗ್ತಿದೆ."

"ಊರವರ ಹೊಲಿಗೆಯಲ್ಲೆಲ್ಲ ತಪ್ಪು ಹುಡುಕ್ತೀಯಲ್ಲ, ನಿಂದು ಮಾತ್ರ..." ಎಂದು ಬೈಯಲು ಹೋದೆ, ಅಳು ಬಂತು.

ಆಗಲೇ ಅವಳನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಅಲ್ಲಿ ಡಾಕ್ಟರಮ್ಮ ಮೂರು ಸಲ ಕೇಳಿದರೂ ಅವಳು ಬಾಯಿ ಬಿಡಲಿಲ್ಲ. ನಾನೇ ಹೇಳಿಬಿಡೋಣ ಎನ್ನುವಷ್ಟರಲ್ಲಿ, ಕೈಚೀಲ ತಡಕಿ ಕೆಂಪು ಬಾಣವೊಂದನ್ನು ತೆಗೆದು ತನ್ನ ಹೊಟ್ಟೆಯ ಮೇಲೆ ಅಂಟಿಸಿಕೊಂಡಳು.

"ಆರು ದಿನ ಆಯ್ತು. ರಿಜೆಕ್ಟ್ ಮಾಡ್ಬೇಡಿ ಡಾಕ್ಟ್ರೇ. ಬಿಚ್ಚಿ ಹೊಲಿಯೋಕಾಗುತ್ತಾ ನೋಡಿ."

ಅವತ್ತೇ ವಾರ್ಡಿಗೆ ಸೇರಿಸಿದರು. ಇನ್ನೆರಡು ದಿನ ತಡವಾಗಿದ್ದರೆ ಕರುಳು ತೂತಾಗುತ್ತಿತ್ತಂತೆ. ಇಂಜೆಕ್ಷನ್ ನಿಂತಿತು. ಈಗ ಭೇದಿ ಕಡಿಮೆಯಾಗಿದೆ; ಗಡ್ಡೆ ಏನು ಮಾಡುತ್ತಿದೆಯೆಂದು ಸೋಮವಾರದ ಸ್ಕ್ಯಾನ್ ಹೇಳಬೇಕು. ಅಲ್ಲಿಯವರೆಗೆ ನಾನು ಆಸ್ಪತ್ರೆಗೂ ಮನೆಗೂ ಸುಮ್ಮನೆ ತಿರುಗುತ್ತೇನೆ. ಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿದೆ. ಅವಳೇ ಬಂದು ಬೈಯಲಿ ಎಂದು ಹಾಗೇ ಬಿಟ್ಟಿದ್ದೇನೆ.