ಸಮುವೇಲಪ್ಪನವರ ಎರಡು ಪ್ರಸಂಗ

ಪಾಸ್ಟರ್ ಸಮುವೇಲಪ್ಪನವರು ಪ್ರಸಂಗಕ್ಕೆ ನಿಂತರೆ ಮುಂದೆ ಕೂತ ಮಕ್ಕಳು ಹಿಂದಕ್ಕೆ ಸರಿದುಕೊಳ್ಳುತ್ತಿದ್ದವು. ಬಾಗಿಲು ತುಂಬುವಂಥ ಮೈ, ಕಲ್ಲು ಕ್ವಾರಿಯಲ್ಲಿ ಹತ್ತು ವರ್ಷ ಸುತ್ತಿಗೆ ಹಿಡಿದ ಕೈ. ಮಾತಿಗೊಮ್ಮೆ ಆ ಮುಷ್ಟಿ ಮೇಜಿಗೆ ಬಿದ್ದು ಬೈಬಲ್ಲು ಎಗರುತ್ತಿತ್ತು. ಹಂಪಾಪುರದ ಹೊರಗೆ ಶೀಟು ಹೊದಿಸಿದ ಸಣ್ಣ ಚರ್ಚು ಅದು, ಜನ ಸಭೆ ಅನ್ನುತ್ತಿದ್ದರು. ಹೊಗೆಸೊಪ್ಪಿನ ಕೂಲಿಗೆ ಹೋಗುವ ಮೂವತ್ತು ಮನೆಯವರು. ಇಷ್ಟು ಜನಕ್ಕೆ ಅಷ್ಟು ಗಂಟಲು ಯಾಕೆ ಅಂದರೆ, "ದೇವ್ರು ಕಿವುಡ ಅಲ್ಲ ಸಿಸ್ಟರಮ್ಮ, ಜನ ಕಿವುಡ್ರು," ಅನ್ನುತ್ತಿದ್ದರು.

ನಾನು ಆಸ್ಪತ್ರೆಯ ನರ್ಸು, ಅದಕ್ಕೇ ಸಿಸ್ಟರಮ್ಮ. ಹೆರಿಗೆ ನೋವು ಬಂದವರಿಗೆ ಆಟೊ ಸಿಗದಿದ್ದರೆ ಸಮುವೇಲಪ್ಪನವರು ಎರಡು ಕೈಯಲ್ಲಿ ಎತ್ತಿಕೊಂಡೇ ಬಂದುಬಿಡುತ್ತಿದ್ದರು. ಒಳಗೆ ಕೂಸು ಅತ್ತರೆ, ಹೊರಗೆ ಗೋಡೆಗೆ ಮುಖ ಮಾಡಿ ತಾವೂ ಅಳುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ.

ಒಂದು ಶನಿವಾರ, ನಾಳೆ ಗರ್ಭಪಾತದ ಮೇಲೆ ಮಾತಾಡುತ್ತೇನೆ ಅಂದರು.

"ಬೇಡಿ ಅಯ್ಯನವರೇ. ಕೂತು ಕೇಳುವವರಲ್ಲಿ ಯಾರು ಏನು ಅನುಭವಿಸಿದ್ದಾರೋ ನಿಮಗೆ ಗೊತ್ತಿಲ್ಲ," ಅಂದೆ.

"ಪಾಪನ ಪಾಪ ಅನ್ನಾಕೆ ಪಾಸ್ಟರೇ ಹೆದ್ರುದ್ರೆ ಇನ್ಯಾರು ಅಂದಾರು ಕಣವ್ವ?"

ಮಾರನೆಯ ದಿನ ಶೀಟು ಅದುರುವ ಹಾಗೆ ಕೂಗಿದರು. "ಹೊಟ್ಟೇಲಿರೋ ಕೂಸ್ಗೆ ಬಾಯಿಲ್ಲ. ಅದ್ರ ಬಾಯಾಗಿ ನಾನು ಕೇಳ್ತೀನಿ. ಹೆತ್ತವ್ವನೇ ಕೊಲ್ಲಾಕೆ ನಿಂತ್ರೆ ಅದು ಎಲ್ಲಿಗೆ ಓಡ್ಬೇಕು? ಮಾತ್ರೆ ನುಂಗಿ ತೆಗ್ಸಿದೋಳು ಕೊಲೆಗಾತಿ." ಮೇಜಿನ ಕಾಲು ಬಿರುಕು ಬಿಟ್ಟಿತು. ಹೆಂಗಸರ ಕಡೆ ಮಾರ್ತಾ ಚಾಪೆಯ ಎಳೆ ಕೀಳುತ್ತಾ ಕೂತಿದ್ದಳು. ಎರಡು ವರ್ಷದಲ್ಲಿ ಎರಡು ಹೆರಿಗೆ, ಮೈಯಲ್ಲಿ ರಕ್ತವಿಲ್ಲ, ಬೆನ್ನ ಮೇಲೆ ಗಂಡನ ಬೆಲ್ಟಿನ ಬಾಸುಂಡೆ. ಮೂರು ತಿಂಗಳ ಹಿಂದೆ ಗಂಡನಿಗೆ ಹೇಳದೆ ನಮ್ಮ ಆಸ್ಪತ್ರೆಯಲ್ಲೇ ತೆಗೆಸಿಕೊಂಡಿದ್ದಳು. ಅದು ಗೊತ್ತಿದ್ದದ್ದು ಆ ಸಭೆಯಲ್ಲಿ ನನಗೊಬ್ಬಳಿಗೆ.

ಸೋಮವಾರ ಬೆಳಿಗ್ಗೆ ಅವಳನ್ನು ಹೊತ್ತು ತಂದರು. ನೆತ್ತಿ ಒಡೆದಿತ್ತು, ಬಲಗೈ ಮಣಿಕಟ್ಟು ಮುರಿದು ನೇತಾಡುತ್ತಿತ್ತು. ಸಭೆಯಿಂದ ಮನೆಗೆ ಹೋದವಳು ಅಳು ತಡೆಯಲಾರದೆ ಗಂಡ ಪ್ರಕಾಶನಿಗೆ ಎಲ್ಲ ಹೇಳಿಬಿಟ್ಟಿದ್ದಳು. ಅವನು ಸೌದೆ ತಗೊಂಡು, ಅದು ಮುರಿಯುವವರೆಗೂ ಹೊಡೆದಿದ್ದ.

"ಒಂದೊಂದ್ ಏಟಿಗೂ, ಅಯ್ಯನವ್ರೇ ಯೋಳವ್ರೆ ಕಣೇ ನೀನು ಕೊಲೆಗಾತಿ ಅಂತ, ಅಂತಿದ್ರು ಸಿಸ್ಟರಮ್ಮ," ಅಂದಳು.

ಸಮುವೇಲಪ್ಪನವರಿಗೆ ಹೇಳಿ ಕಳಿಸಿದೆ. ಅವರು ಬಂದಾಗ ನೆತ್ತಿಗೆ ಹೊಲಿಗೆ ಬೀಳುತ್ತಿತ್ತು. "ನಿನ್ನೆಯ ನಿಮ್ಮ ಮಾತು ಇವಳ ತಲೆ ಒಡೆದಿದೆ, ನೋಡಿ," ಅಂದೆ. ಅವರು ನೋಡಿದರು. ಮಾರ್ತಾ ಅವರನ್ನೇ ಕೇಳಿದಳು: "ಅಯ್ಯನವ್ರೇ, ನಂಗೆ ಕ್ಷಮಾಪಣೆ ಅದಾ?" ಅವರು ತಿರುಗಿ ಹೊರಟರು.

ಪ್ರಕಾಶನನ್ನು ಕೊಂದೇಬಿಡುತ್ತಾರೆಂದು ನಾನು ಹಿಂದೆಯೇ ಓಡಿದೆ. ಅವನು ಮಚ್ಚು ಹಿಡಿದು ತನ್ನ ಮನೆಯ ಹೊಸಲಿಗೆ ಬಂದಿದ್ದ. ಸಮುವೇಲಪ್ಪನವರು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡರು.

"ಹೊಡಿ. ಮಾತು ನಂದು, ಏಟು ನಂಗೂ ಸೇರ್ಬೇಕು."

ಅವನು ಮಚ್ಚಿನ ಹಿಂಬದಿಯಿಂದ ಭುಜಕ್ಕೆ ಬಾರಿಸಿದ. ಮೂಳೆ ಲಟಕ್ಕಂದದ್ದು ಬೀದಿಯಲ್ಲಿದ್ದ ನನಗೂ ಕೇಳಿತು. ಎರಡನೆಯ ಏಟು ಹಣೆಗೆ. ಕಣ್ಣಿಗೆ ರಕ್ತ ಇಳಿದರೂ ಕಟ್ಟಿದ ಕೈ ಬಿಚ್ಚಲಿಲ್ಲ. ಮೂರನೆಯದಕ್ಕೆ ಎತ್ತುವಷ್ಟರಲ್ಲಿ ಅಕ್ಕಪಕ್ಕದವರು ಪ್ರಕಾಶನನ್ನು ಕೆಡವಿಕೊಂಡರು. ಪೊಲೀಸರು ಎಳೆದೊಯ್ದರು.

ಮುಂದಿನ ಭಾನುವಾರ ಕೈಯನ್ನು ಕೊರಳಿಗೆ ಕಟ್ಟಿಕೊಂಡು ನಿಂತರು. ಅಷ್ಟು ಚಿಕ್ಕ ಪ್ರಸಂಗವನ್ನು ನಾನು ಕೇಳಿಯೇ ಇಲ್ಲ.

"ಓದ ವಾರ ಹೆಂಗಸ್ರ ಕಡೆ ತಿರುಗಿ ಕೂಗ್ದೆ. ಇವತ್ತು ಗಂಡಸ್ರಿಗೆ. ನಾನು ಕುಡಿಯೋ ಕಾಲ್ದಲ್ಲಿ, ನನ್ನೆಂಡ್ರು ಐದ್ ತಿಂಗ್ಳ ಬಸ್ರಿ. ಸಾರಿಗೆ ಉಪ್ಪು ಜಾಸ್ತಿ ಅಂತ ಒದ್ದೆ. ಹೊಟ್ಟೆ ಮ್ಯಾಲೇ. ಕೂಸು ಓಯ್ತು. ಆಮೇಲೆ ಇನ್ನೊಂದು ನಿಲ್ನಿಲ್ಲ. ಅದ್ನ ಯಾವ ಡಾಕ್ಟ್ರೂ ತೆಗೀಲಿಲ್ಲ. ಈ ಕಾಲು ತೆಗೀತು."

ಅವರ ಹೆಂಡತಿ ಎಸ್ತೇರಮ್ಮ ತಲೆ ಎತ್ತಲಿಲ್ಲ. ಗಂಡಸರ ಕಡೆಯಿಂದ ಮೂವರು ಎದ್ದು ಹೋದರು.

ಇನ್ನಾದರೂ ಈ ವಿಷಯ ಬಿಡುತ್ತೀರಾ ಎಂದು ಆಮೇಲೆ ಕೇಳಿದೆ.

"ಬುಡಾಕಿಲ್ಲ ಸಿಸ್ಟರಮ್ಮ. ಕೂಸು ಕೂಸೇ. ಆದ್ರೆ ಮೊದ್ಲು ಒದೆಯೋ ಕಾಲ್ನ ಹಿಡೀಬೇಕು. ಅದ್ನ ಹಿಡೀದೆ ಹೆಂಗಸ್ರ ಮ್ಯಾಲೆ ಕೂಗಿದ್ದು ನಂದು ಹೇಡಿತನ."

ಅವರು ಹೇಳಿದ್ದೆಲ್ಲ ನಾನು ಒಪ್ಪಲಿಲ್ಲ. ಮಾರ್ತಾ ಮಾಡಿಸಿಕೊಂಡದ್ದು ಪಾಪವೆಂದು ನನಗೆ ಆಗಲೂ ಅನ್ನಿಸಿರಲಿಲ್ಲ, ಈಗಲೂ ಇಲ್ಲ. ಆದರೆ ಅವಳು ಆಸ್ಪತ್ರೆಯಲ್ಲಿದ್ದಷ್ಟು ದಿನ ಬೆಳಿಗ್ಗೆ ಇಡ್ಲಿ ತಂದು, ಮುರಿದ ಕೈಯವಳಿಗೆ ತುತ್ತು ಮಾಡಿ ತಿನ್ನಿಸಿದವರು ಅವರೇ. ಕ್ಷಮಾಪಣೆ ಅದೆ, ಮೊದಲು ನೀನು ನನ್ನನ್ನು ಕ್ಷಮಿಸು ಎಂದು ಕೇಳಿಕೊಂಡರಂತೆ. ಅವಳು ತಾಯಿಯ ಮನೆಗೆ, ಕೆ.ಆರ್. ನಗರದ ಕಡೆ ಹೋದಳು. ಪ್ರಕಾಶನ ಮೇಲೆ ಕೊಟ್ಟ ಕೇಸು ವಾಪಸು ತಗೊಳ್ಳಲಿಲ್ಲ.

ಗರ್ಭಪಾತದ ಮೇಲೆ ಗುಡುಗಿದಾಗ ಆಮೆನ್ ಅಂದಿದ್ದ ಗಂಡಸರು, ಹೆಂಡತಿಯನ್ನು ಒದೆಯಬೇಡಿ ಅಂದದ್ದಕ್ಕೆ ಸಭೆಯ ಮಾನ ಹೋಯಿತು ಅಂದರು. ಬೇರೆ ಊರು ನೋಡಿಕೊಳ್ಳಿ ಎಂದು ಹಿರಿಯರು ಹೇಳಿಯೂಬಿಟ್ಟರು.

ಅವರು ಪಿರಿಯಾಪಟ್ಟಣಕ್ಕೆ ಹೊರಟ ದಿನ ಹತ್ತಿರದ ಕೋಟೆ ಪಟ್ಟಣದ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಅವರು ಮೂಟೆಗಳನ್ನು ಬಸ್ಸಿಗೇರಿಸುತ್ತಿದ್ದರು. ಎಸ್ತೇರಮ್ಮ ನನ್ನ ಪಕ್ಕ ನಿಂತಿದ್ದರು. ಅವರನ್ನು ಕ್ಷಮಿಸಿದಿರಾ ಅಮ್ಮಾ, ಎಂದು ಕೇಳಿಬಿಟ್ಟೆ.

"ಊರಿಗೆಲ್ಲ ಯೋಳುದ್ರು," ಅಂದರು. "ಮಾರ್ತಾನ್ನೂ ಕ್ಷಮ್ಸು ಅಂತ ಕೇಳ್ಕಂಡ್ರು. ನನ್ನ ಕೇಳ್ನಿಲ್ಲ ಕಣವ್ವ."

ನಾನು ಹೋಗಿ ಅದನ್ನೇ ಅವರಿಗೆ ಹೇಳಿದೆ. ಮೆಟ್ಟಿಲ ಮೇಲಿದ್ದವರು ಕೆಳಗಿಳಿದರು. ಕಂಡಕ್ಟರ್ ಸೀಟಿ ಊದುತ್ತಿದ್ದರೂ ಹೆಂಡತಿಯ ಎದುರು ಹೋಗಿ ನಿಂತರು. ಏನಂದರೋ ನನಗೆ ಕೇಳಲಿಲ್ಲ. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಮಳೆಗಾಲದಲ್ಲಿ ಎಸ್ತೇರಮ್ಮನ ಫೋನು ಬಂತು. ಸ್ನಾನಕ್ಕೆ ಹೋದ ಸಮುವೇಲಪ್ಪನವರು ಅಲ್ಲೇ ಕುಸಿದರಂತೆ, ಎದೆಬಡಿತ ನಿಂತಿತ್ತಂತೆ. ಫೋನು ಇಡುವ ಮುಂಚೆ ಅಂದರು:

"ಅವತ್ತು ಬಸ್ಸಿನತ್ರ ಕೇಳುದ್ರು ಕಣವ್ವ. ನಾನೇ ಇನ್ನೂ ಏನೂ ಯೋಳಿರ್ನಿಲ್ಲ."