ಬಣ್ಣದ ಕಾರ್ಖಾನೆಯ ಮುದಲಾಳಿ

ಮೊನ್ನೆ ಕೊಚ್ಚಿಯ ವೈಟ್ಟಿಲ ಬಸ್ ನಿಲ್ದಾಣದಲ್ಲಿ ಕಂಬಿಗಳಿಗೆ ಪೇಂಟ್ ಬಳಿಯುತ್ತಿದ್ದರು. ತಿನ್ನರಿನ ಘಾಟು ಮೂಗಿಗೆ ಅಡರಿದ್ದೇ ತಡ, ಕಳಮಶ್ಶೇರಿಯ ಪೇಂಟ್ ಕಾರ್ಖಾನೆಯೂ ಅದರ ಮಾಲೀಕರೂ ನೆನಪಾದರು. ಎಲ್ಲರಿಗೂ ಅವರು ಮುದಲಾಳಿ. ನನಗೂ ಅಷ್ಟೇ.

ಕಾಸರಗೋಡಿನಿಂದ ಕಾನೂನು ಓದಿ ಬಂದ ನನ್ನನ್ನು ಅವರು ಕೆಲಸಕ್ಕೆ ತೆಗೆದುಕೊಂಡದ್ದು ಕನ್ನಡದ ದೆಸೆಯಿಂದ ಎಂದುಕೊಂಡಿದ್ದೆ. ಎಳೆಯ ಪ್ರಾಯದಲ್ಲಿ ಮಂಗಳೂರಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ದುಡಿದವರು. ನಮ್ಮ ಕಡೆಯ ಕನ್ನಡ ಸಲೀಸಾಗಿ ಬರುತ್ತಿತ್ತು. ಆದರೆ ಅವರ ನಗುವನ್ನು ನಾನು ಪೂರ್ತಿ ನಂಬಿದ್ದಿಲ್ಲ. ಕಾರ್ಮಿಕರು ಗೇಟಿನ ಮುಂದೆ ಮುಷ್ಕರಕ್ಕೆ ಕೂತರೆ ಇವರೂ ಹೋಗಿ ಅವರ ಟಾರ್ಪಾಲಿನಡಿ ಕೂತು ಹಾಲಿಲ್ಲದ ಕಟ್ಟನ್ ಚಾಯ ಕುಡಿಯುತ್ತಿದ್ದರು. ಮುಷ್ಕರ ಮುಗಿಯುತ್ತಿತ್ತು. ಗೆದ್ದವರು ಯಾರು ಎಂಬುದು ಮಾತ್ರ ನನಗೆ ತಿಳಿಯುತ್ತಿರಲಿಲ್ಲ…

ಅಂಥವರು ಪಕ್ಷೇತರರಾಗಿ ಚುನಾವಣೆಗೆ ನಿಂತು ಗೆದ್ದೂಬಿಟ್ಟರು. ಕಾರ್ಖಾನೆ ಮುಚ್ಚಿ ಜಾಗ ಮಾರಲು ದಾರಿ ಮಾಡಿಕೊಳ್ಳಲಿಕ್ಕೇ ಶಾಸಕರಾದದ್ದು ಎಂದು ಕ್ಯಾಂಟೀನಿನಲ್ಲಿ ಮಾತು. ನನಗೂ ಹಾಗೇ ಅನ್ನಿಸಿತ್ತು. ಸಹಾಯಕನಾಗಿ ತಿರುವನಂತಪುರಕ್ಕೆ ಬನ್ನಿ ಎಂದಾಗ ಹೊರಟುಬಿಟ್ಟೆ, ಅದು ನಿಜವೇ ಎಂದು ಕಣ್ಣಾರೆ ನೋಡಲಿಕ್ಕೂ ಆಯಿತೆಂದು.

ಆ ವರ್ಷ, ಹೊಳೆಗೆ ಕೊಳೆನೀರು ಬಿಡುವ ಕಾರ್ಖಾನೆಗಳನ್ನು ಮುಚ್ಚಿಸುವ ಮಸೂದೆಯೊಂದು ವಿಧಾನಸಭೆಗೆ ಬರುವುದಿತ್ತು. ಬೇರೆ ಮಾಲೀಕರು ದಿನವೂ ಇವರ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಮಾತಾಡಿ ಹೋಗುತ್ತಿದ್ದರು. ಇವರು ಅವರ ಪರವೇ ಎಂದು ನಾನು ತೀರ್ಮಾನಿಸಿಯಾಗಿತ್ತು. ಆದರೆ ಸಭೆಯಲ್ಲಿ ಇವರು ಎದ್ದು ನಿಂತು, ನನ್ನ ಕಾರ್ಖಾನೆಯೂ ಹೊಳೆ ಕೆಡಿಸಿದೆ ಎಂದು ಹೇಳಿ, ಮಸೂದೆಗೇ ಮತ ಹಾಕಿದರು.

ಗ್ಯಾಲರಿಯಲ್ಲಿದ್ದ ನನಗೆ ಇನ್ನೊಂದು ಸಂಶಯ ಹುಟ್ಟಿತು. ಕೆಲಸಗಾರರನ್ನು ತಾನೇ ಮನೆಗೆ ಕಳಿಸಿದರೆ ಗಲಾಟೆ; ಕಾನೂನು ಕಳಿಸಿದರೆ ತನ್ನ ಕೈ ಶುಭ್ರ.

ಹೊರಗೆ ಬಂದವರು ನನ್ನ ಮುಖ ನೋಡಿ ಕೇಳಿದರು, "ಎಂತ ಮಾರಾಯ್ರೆ, ಇದು ಜಾಗ ಮಾರುವ ಉಪಾಯ ಅಂತ ನಿಮಗೂ ಸಂಶಯ ಉಂಟಲ್ಲ?"

"ಉಂಟು ಮುದಲಾಳಿ."

"ಇರ್ಲಿ. ತಲೆ ಆಡಿಸುವವರು ನನ್ನ ಹತ್ರ ಬೇಕಾದಷ್ಟು ಇದ್ದಾರೆ. ಸಂಶಯ ಪಡುವವರು ಒಬ್ರು ಬೇಕಿತ್ತು, ಅದಕ್ಕೇ ನಿಮ್ಮನ್ನು ಕರ್ಕೊಂಡು ಬಂದದ್ದು."

ಆ ಮಾತನ್ನೂ ನಾನು ನಂಬಲಿಲ್ಲ.

ಮಸೂದೆ ಪಾಸಾಯಿತು, ಕಾರ್ಖಾನೆ ಮುಚ್ಚಿತು. ಜೊತೆಗೆ ಕೂತು ಚಾಯ ಕುಡಿದವರೇ ಅವರ ಕಾರಿಗೆ ಕಪ್ಪು ಬಾವುಟ ತೋರಿಸಿದರು. ಮುಂದಿನ ಚುನಾವಣೆಯಲ್ಲಿ ಹೀನಾಯವಾಗಿ ಸೋತರು. ನಾನು ಕೊಚ್ಚಿಯಲ್ಲಿ ವಕೀಲಿಕೆ ಶುರುಮಾಡಿ, ಜಾಗ ಮಾರಿದ ಸುದ್ದಿಗಾಗಿ ಕಾಯುತ್ತಿದ್ದೆ. ವರ್ಷಗಳು ಕಳೆದವು… ಅವರು ಮಾರಲಿಲ್ಲ. ನೀರು ಶುದ್ಧ ಮಾಡುವ ಘಟಕ ಹಾಕಿ ಮತ್ತೆ ತೆರೆಯುತ್ತೇನೆ ಎಂದು ಊರೆಲ್ಲ ಪಾಲುದಾರರನ್ನು ಹುಡುಕಿದರಂತೆ. ಆ ಮತ ಹಾಕಿದವರ ಜೊತೆ ಯಾವ ಮಾಲೀಕ ಸೇರುತ್ತಾನೆ?

ಒಮ್ಮೆ ಮೆಟ್ರೋದಲ್ಲಿ ಸಿಕ್ಕಿದರು. ತೀರಾ ಸೊರಗಿದ್ದರು.

"ಈಗ್ಲೂ ಸಂಶಯ ಉಂಟಾ?"

"ಸ್ವಲ್ಪ ಉಂಟು," ಎಂದೆ. ಮನಸ್ಸು ಬಿಚ್ಚಿ ನಕ್ಕರು. ಆವತ್ತಿನ ನಗು ಮಾತ್ರ ನನಗೆ ನಿಜವೆನಿಸಿತ್ತು.

ಅವರು ತೀರಿಕೊಂಡ ಮೇಲೆ ಮಕ್ಕಳು ಜಾಗ ಮಾರಿದರು. ಈಗ ಅಲ್ಲಿ ಫ್ಲಾಟುಗಳು.

ಮೊನ್ನೆ ಸಂಜೆ ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಮಾತು ಮಲಯಾಳದಲ್ಲೇ. "ಅಪ್ಪಾ, ಮುದಲಾಳಿ ನಲ್ಲ ಆಳಾಯಿರುನ್ನೋ?" ಒಳ್ಳೆಯ ಮನುಷ್ಯನಾಗಿದ್ದರೇ ಎಂದು ಕೇಳಿದಳು.

"ಹೌದು ಮಗಾ," ಎಂದೆ. ಮೊದಲ ಸಲ ಹಾಗೆ ಹೇಳಿದ್ದು. ಕೇಳಬೇಕಾದವರು ಇರಲಿಲ್ಲ.