ಎಲೆಡಬ್ಬಿಯ ಹರಕು ದನಿ

ಒಂದೇ ದನಿ ನನ್ನ ಎದೆಯನ್ನು ಎರಡು ಸಲ ಧಸಕ್ಕೆನ್ನಿಸಿತು.

ಮೊದಲ ಸಲ ಸಿಂದಗಿಯ ಬಜಾರದಲ್ಲಿ, ಸೋದರಮಾವನ ರೇಡಿಯೋ ರಿಪೇರಿ ಅಂಗಡಿಯಲ್ಲಿ. ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಇಪ್ಪತ್ತೆರಡು. ಮ್ಯಾಟ್ರಿಕ್ ನಪಾಸಾಗಿ ಅಲ್ಲೇ ಬೆಸುಗೆ ಹಾಕುತ್ತ ಕೂತವನು. ಮೋರಟಗಿಯಿಂದ ಬಂದ ಒಂದು ರೇಡಿಯೋದಲ್ಲಿ ಯಾವುದೋ ಪರದೇಶದ ಸ್ಟೇಷನ್ ಹಿಡಿದಾಗ ಗಿಟಾರೊಂದು ಗೊರಗೊರ ಅಂದಿತು. ಸ್ಪೀಕರಿನ ಕಾಗದ ಹರಿದಿದೆ ಎಂದು ಹೊಸದು ಹಚ್ಚಿದೆ. ಮರುದಿನ ಅದೇ ಹೊತ್ತಿಗೆ ಅದೇ ಹಾಡು, ಅದೇ ಗೊರಗೊರ! ಹಾಡುವವನ ದನಿ ಸ್ವಚ್ಛ, ಗಿಟಾರು ಮಾತ್ರ ಹರಕು. ಅಂದರೆ ಅವರು ಬೇಕಂತಲೇ ದನಿ ಹರಿದಿದ್ದರು. ದಿನವಿಡೀ ಮಂದಿಯ ಹರಕು ದನಿ ನೆಟ್ಟಗೆ ಮಾಡುವ ನಾನು ಕೈಯಲ್ಲಿದ್ದ ತಿರುಪುಳಿ ಕೆಳಗಿಟ್ಟು ಬಾಯಿ ಬಿಟ್ಟುಕೊಂಡು ಕೂತೆ.

ನನ್ನ ಹತ್ತಿರ ಸೊಲ್ಲಾಪುರದಿಂದ ತಂದ ಹಳೆಯ ಗಿಟಾರಿತ್ತು. ಅದಕ್ಕೆ ಕೆಟ್ಟ ಟೆಲಿಫೋನಿನೊಳಗಿನ ಸುರುಳಿ ಅಂಟಿಸಿ, ರೇಡಿಯೋಕ್ಕೆ ಗ್ರಾಮಫೋನ್ ಜೋಡಿಸುವ ತೂತಿನಲ್ಲಿ ತಂತಿ ಸಿಕ್ಕಿಸಿದರೆ ಓಣಿಗೆಲ್ಲ ಕೇಳುತ್ತಿತ್ತು. ಇನ್ನು ಬೇಕಾದದ್ದು ದನಿ ಹರಿಯುವ ಯಂತ್ರ. ಒಂದು ಸತ್ತ ಸೆಟ್ಟಿನಿಂದ ಎರಡು ಟ್ರಾನ್ಸಿಸ್ಟರು ಕಿತ್ತೆ. ಒಂದರಲ್ಲಿ ದನಿ ಉಬ್ಬಿಸಿ ಇನ್ನೊಂದರ ಕೊರಳಿಗೆ ತುರುಕಿದರೆ ಅದು ನುಂಗಲಾರದೆ ದನಿಯ ತಲೆ ಚಿವುಟುತ್ತದೆ, ಆಗ ಗೊರಗೊರ ಬರುತ್ತದೆ ಎಂದು ನನ್ನ ಎಣಿಕೆ. ಕಾವು ಹೆಚ್ಚಾದರೆ ಟ್ರಾನ್ಸಿಸ್ಟರು ಸತ್ತೇ ಹೋಗುತ್ತವೆ. ಅದಕ್ಕೇ ಒಂದೊಂದು ಕಾಲನ್ನೂ ಅವ್ವನ ಚಿಮಟಿಗೆಯಿಂದ ಹಿಡಿದು ಬೆಸೆದೆ.

"ಮಂದಿ ಹರಕ ದನಿ ಛಲೋ ಮಾಡಿ ಕೊಡ್ರಿ ಅಂತ ಬರ್ತಾರ, ನೀ ಛಲೋ ದನಿ ಹರಿಯಾಕತ್ತೀಯಲ್ಲೋ!" ಎಂದು ಮಾವ ಹಣೆ ಬಡಿದುಕೊಂಡ.

ಇಷ್ಟನ್ನೂ ಲೋಹದ ಡಬ್ಬಿಯಲ್ಲಿ ಮುಚ್ಚದಿದ್ದರೆ ಬರೀ ಗುಂಯ್ ಅನ್ನುತ್ತಿತ್ತು. ನಮ್ಮ ಮನೆಯ ಗೋಡೆಯ ಗೂಡಿನಲ್ಲಿ ಅಪ್ಪನ ಹಿತ್ತಾಳೆಯ ಎಲೆಡಬ್ಬಿ ಧೂಳು ತಿನ್ನುತ್ತಿತ್ತು.

ಅಪ್ಪ ಪೇಟೆಯಲ್ಲಿ ಕಾಳಿನ ಸವಾಲು, ಅಂದರೆ ಹರಾಜು, ಕೂಗುವವರು. ಅವರು ಕೂಗಿದರೆ ಆಚೆ ಬೀದಿಯ ಎತ್ತೂ ಹೊರಳಿ ನೋಡುತ್ತಿತ್ತು. ಆ ವರ್ಷ ಗಂಟಲಲ್ಲಿ ಗಂಟೆದ್ದು, ಮಿರಜದ ದವಾಖಾನೆಯಲ್ಲಿ ಕೊಯ್ದು ತೆಗೆದರು. ಗಂಟು ಹೋಯಿತು, ತಂಬಾಕು ಹೋಯಿತು, ಅದರ ಸಂಗಡ ಮಾತೂ ಹೋಯಿತು. ಮಾತಾಡಿಸಿರಿ, ಸುಮ್ಮನಿದ್ದರೆ ಇರುವ ದನಿಯೂ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅಪ್ಪ ತುಟಿ ಬಿಚ್ಚಲಿಲ್ಲ. ಶಾಲೆಯ ಮಕ್ಕಳ ಪಾಟಿಯ ಮೇಲೆ ಬಳಪದಿಂದ "ನೀರು" ಎಂದು, "ಬಾಗಿಲಾ ಹಾಕು" ಎಂದು ಬರೆದು ತೋರಿಸುತ್ತಿದ್ದರು. ಹೀಗೇ ಐದು ತಿಂಗಳು. ಅವರ ಹೊಸ ದನಿಯನ್ನು ಮಿರಜದಲ್ಲಿ ಒಮ್ಮೆ ಕೇಳಿದವಳು ಅವ್ವ ಒಬ್ಬಳೇ. "ಹೆಂಗೈತಿಬೇ?" ಎಂದರೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಯಾರನ್ನೂ ಕೇಳದೆ ಡಬ್ಬಿ ಒಯ್ದೆ. ಅಡಿಕೆಯ ಖಾನೆಯಲ್ಲಿ ಸೆಲ್ಲು ಕೂತವು, ತಂಬಾಕಿನ ಖಾನೆಯಲ್ಲಿ ಟ್ರಾನ್ಸಿಸ್ಟರು. ಸುಣ್ಣದ ಖಾನೆಯನ್ನು ತೊಳೆದು ಸರಿಯಾಗಿ ಒಣಗಿಸದೆ ತಂತಿ ಹಾಯಿಸಿದ್ದಕ್ಕೆ ಮೂರು ದಿನ ಬರೀ ಚಟಪಟ. ಕೊನೆಗೆ ಕೆರೆದು, ಬಿಸಿಲಿಗಿಟ್ಟು, ಮುಚ್ಚಳಕ್ಕೆ ತೂತು ಕೊರೆದು ಗುಂಡಿ ಕೂಡಿಸಿದೆ.

ರವಿವಾರ ಮುಂಜಾನೆ ಪಡಸಾಲೆಯಲ್ಲಿ ರೇಡಿಯೋಕ್ಕೆ ಜೋಡಿಸಿ ಗುಂಡಿ ಒತ್ತಿ, ಒಂದೇ ತಂತಿ ಮೀಟಿದೆ. ಗೊರ್ರ್... ಅದೇ! ಪರದೇಶದ್ದು ನಮ್ಮ ಪಡಸಾಲೆಗೆ ಬಂದಿತ್ತು. ಕುಣಿಯುವುದೊಂದೇ ಬಾಕಿ.

ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಮುಖ ಬಿಳಿಚಿಕೊಂಡಿತ್ತು.

"ಬಂದ್ ಮಾಡೋ! ಮದಲ ಅದನ್ನ ಬಂದ್ ಮಾಡು!"

ಇವಳಿಗೇನು ಗೊತ್ತು ಎಂದು ನಾನು ಇನ್ನೂ ಜೋರಾಗಿ ಮೀಟಿದೆ. ನಡುಮನೆಯಿಂದ ಅಪ್ಪ ಬಂದರು. ರೇಡಿಯೋ ನೋಡಿದರು, ನನ್ನನ್ನು ನೋಡಿದರು. ಪಾಟಿಯ ಮೇಲೆ ಬರೆದು ನನ್ನ ಮುಂದೆ ಹಿಡಿದರು. "ಬೇಕಂತ ಮಾಡೀ?"

"ಹೌದ್ರಿ ಅಪ್ಪಾ!" ಎಂದೆ, ಹೆಮ್ಮೆಯಿಂದ. "ಬೇಕಂತನ ಮಾಡೇನಿ. ಹದಿನೈದು ದಿನಾ ಹಿಡೀತು."

ಪಾಟಿ ಹಾಸುಗಲ್ಲಿಗೆ ಬಿದ್ದು ಎರಡು ತುಂಡಾಯಿತು. ಅಪ್ಪ ಬಾಯಿ ತೆರೆದರು.

"ಹೆತ್ತಪ್ಪನ್ನ ಅಣಕಸ್ತಿ ಏನಲೇ?"

ಎರಡನೆಯ ಸಲ ಎದೆ ಧಸಕ್ಕೆಂದದ್ದು ಆಗ. ಅದು ಡಬ್ಬಿಯ ದನಿ. ಅದೇ ಹರಕು, ಅದೇ ಗೊರಗೊರ, ಅಪ್ಪನ ಕೊರಳಿನಿಂದ! ರೇಡಿಯೋದಿಂದಲೇ ಬಂತೇನೋ ಎಂದು ನಾನು ಒಮ್ಮೆ ಹೊರಳಿ ನೋಡಿದೆ. ಅಯ್ಯೋ, ಏನು ಮಾಡಿಬಿಟ್ಟೆ! ಅಪ್ಪ ಐದು ತಿಂಗಳು ಮುಚ್ಚಿಟ್ಟದ್ದನ್ನು ನಾನು ಓಣಿಗೆಲ್ಲ ಕೇಳಿಸಿದ್ದೆ, ಬೇಕಂತಲೇ ಮಾಡಿದೆ ಎಂದು ಬೇರೆ ಹೇಳಿದ್ದೆ.

"ನಿಮ್ಮ ದನಿ ನಾ ಕೇಳೇ ಇಲ್ಲಲ್ರಿ ಅಪ್ಪಾ," ಎಂದು ಅತ್ತುಬಿಟ್ಟೆ. "ಯಾವಾಗ ಮಾತಾಡೀರಿ, ಕೇಳಾಕ?"

ಅಪ್ಪ ಬಗ್ಗಿ ಪಾಟಿಯ ಒಂದು ತುಂಡು ಎತ್ತಿಕೊಂಡರು. ಮತ್ತೆ ಬಾಯಿ ಮುಚ್ಚಿಬಿಡುತ್ತಾರೆ, ಇನ್ನು ಸಾಯುವತನಕ ತೆರೆಯುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಅಷ್ಟರಲ್ಲಿ ಅವರ ಕಣ್ಣು ನೆಲದ ಮೇಲಿದ್ದ ಡಬ್ಬಿಗೆ ಬಿತ್ತು.

"ನನ್ನ ಎಲಿಡಬ್ಬಿ! ತೂತ ಕೊರದೀಯಲ್ಲೋ ಕತ್ತೀಮಗನ! ನಮ್ಮಪ್ಪ ಕೊಟ್ಟದ್ದಲೇ ಅದು!"

ಅಲ್ಲಿಂದ ಶುರುವಾಯಿತು ನೋಡಿ, ಸವಾಲು ಕೂಗುವವರ ಬೈಗುಳ. ನನ್ನ ಮ್ಯಾಟ್ರಿಕ್ ಬಂತು, ಮಾವನ ಅಂಗಡಿ ಬಂತು, ಸೊಲ್ಲಾಪುರದ ಗಿಟಾರು ಬಂತು. ಹಾದಿಯಲ್ಲಿ ಹೋಗುತ್ತಿದ್ದವರು ಬಾಗಿಲಲ್ಲಿ ನಿಂತು ಇಣುಕಿದರು. ಅವ್ವ ಕಣ್ಣೊರೆಸಿಕೊಂಡು ಒರೆಸಿಕೊಂಡು ಮುಖವೆಲ್ಲ ಹಿಟ್ಟು ಮಾಡಿಕೊಂಡಿದ್ದಳು. ಬೈಯಲಿ, ಇನ್ನೂ ಬೈಯಲಿ ಎಂದು ನಾನು ತಲೆ ತಗ್ಗಿಸಿ ನಿಂತಿದ್ದೆ. ಡಬ್ಬಿ ಇನ್ನೂ ಗೊರಗುಟ್ಟುತ್ತಿತ್ತು. ಬಗ್ಗಿ ಅದರ ಗುಂಡಿ ಒತ್ತಿ ಬಂದ್ ಮಾಡಿದೆ. ಅಪ್ಪ ಬಂದ್ ಮಾಡಲಿಲ್ಲ.